ಭಾನುವಾರಕ್ಕೊಂದು ಇಂಗ್ಲಿಷ್ ಹಾಡು

ಕಳೆದ ಮೇ ತಿಂಗಳ ರಜೆಯಲ್ಲಿ ಪುಣೆಯಿಂದ ತಂಗಿಯ ಮಗಳು ನಮ್ಮ ಠಾಣೆಯ ಮನೆಗೆ ಬಂದಿದ್ದಳು. ಅವಳಿಗೆ ಹದಿನಾಲ್ಕು, ನನ್ನ ಮಗನಿಗೆ ಹದಿಮೂರು. ಇಬ್ಬರ ಕಿವಿಯಲ್ಲೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಇಯರ್‌ಫೋನು. ಊಟಕ್ಕೆ ಕರೆದರೆ ಮೂರನೆಯ ಸಲಕ್ಕೆ "ಹಾಂ?" ಎಂಬ ಉತ್ತರ. ಒಂದು ಭಾನುವಾರ ತಡೆಯಲಾರದೆ, "ನಮ್ಮ ಕಾಲದ ಹಾಡು ಒಂದಾದರೂ ಕೇಳಿದ್ದೀರೇನ್ರೋ?" ಎಂದೆ. ಈಗ ಭಾವಗೀತೆ ಹಾಕುತ್ತಾನೆ ಎಂದುಕೊಂಡು ಇಬ್ಬರೂ ಮುಖ ಸಣ್ಣ ಮಾಡಿದರು. "ಅಲ್ಲ ಮಾರಾಯ್ರೆ, ಇಂಗ್ಲಿಷ್ ರಾಕ್" ಎಂದಾಗ ಬಿದ್ದು ಬಿದ್ದು ನಕ್ಕರು.

ಆ ನಗು ನನ್ನನ್ನು ಕೆಣಕಿತು. ಕೊನೆಗೆ ಒಂದು ಒಪ್ಪಂದವಾಯಿತು. ರಜೆ ಮುಗಿಯುವವರೆಗೆ ಭಾನುವಾರಕ್ಕೊಂದು ಹಾಡು. ಇಯರ್‌ಫೋನ್ ಇಲ್ಲ, ಸ್ಪೀಕರಿನಲ್ಲಿ, ಎಲ್ಲರೂ ಒಟ್ಟಿಗೆ. ಶುರುವಾದ ಹಾಡು ಮುಗಿಯಲೇಬೇಕು, ಸ್ಕಿಪ್ ಮಾಡುವ ಹಾಗಿಲ್ಲ.

ಮೊದಲ ವಾರ ಕ್ವೀನ್ ತಂಡದ 'ಬೊಹೀಮಿಯನ್ ರಾಪ್ಸಡಿ'. 1975ರದು, ಸುಮಾರು ಆರು ನಿಮಿಷದ ಹಾಡು. ಆರು ನಿಮಿಷ ಎಂದ ಕೂಡಲೇ ಮಗ ಗಡಿಯಾರ ನೋಡಿದ. ಆದರೆ ಹಾಡಿನ ನಡುವೆ ಒಪೆರಾ ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಗಿದ ಮೇಲೆ ನಾನು ಕಾದಿಟ್ಟಿದ್ದ ಸುದ್ದಿ ಹೇಳಿದೆ. ಹಾಡಿದ ಫ್ರೆಡ್ಡಿ ಮರ್ಕ್ಯುರಿಯ ನಿಜ ಹೆಸರು ಫಾರೂಖ್ ಬುಲ್ಸಾರಾ, ಪಾರ್ಸಿ ಹುಡುಗ. ಹುಟ್ಟಿದ್ದು ಜಾಂಜಿಬಾರ್‌ನಲ್ಲಿ, ಓದಿದ್ದು ಇಲ್ಲೇ ಪಂಚಗಣಿಯ ಸೇಂಟ್ ಪೀಟರ್ಸ್ ಶಾಲೆಯ ಹಾಸ್ಟೆಲಿನಲ್ಲಿ. ಅಲ್ಲೇ ಗೆಳೆಯರ ಜೊತೆ 'ಹೆಕ್ಟಿಕ್ಸ್' ಎಂಬ ತಂಡ ಕಟ್ಟಿ ಪಿಯಾನೋ ನುಡಿಸುತ್ತಿದ್ದ. "ಪಂಚಗಣಿಯಾ? ನಾವು ಪಿಕ್ನಿಕ್‌ಗೆ ಹೋಗಿ ಸ್ಟ್ರಾಬೆರಿ ತಿಂದು ಬಂದ್ವಲ್ಲ!" ಎಂದು ಹುಡುಗಿ ಕುಣಿದಳು. ಆ ರಾತ್ರಿ ಹಾಡನ್ನು ಅವರಾಗಿಯೇ ಮತ್ತೆ ಎರಡು ಸಲ ಹಾಕಿದರು. ನಾನು ಗೆದ್ದೆ ಅಂದುಕೊಂಡೆ.

ಎರಡನೆಯ ವಾರ ಪೂರ್ತಿ ಸೋತೆ. ಬಾಬ್ ಡಿಲನ್‌ನ 'ಲೈಕ್ ಎ ರೋಲಿಂಗ್ ಸ್ಟೋನ್' ಹಾಕುವ ಮೊದಲು ಹತ್ತು ನಿಮಿಷ ಭಾಷಣ ಮಾಡಿದ್ದೆ. 1965, ಅಮೆರಿಕ, ಗಿಟಾರಿಗೆ ಕರೆಂಟು ಬಂದದ್ದು, ಇತ್ಯಾದಿ. ಹಾಡು ಶುರುವಾಗಿ ಒಂದು ನಿಮಿಷಕ್ಕೆ ಮಗ ಕೇಳಿದ, "ಅಪ್ಪ, ಇವರಿಗೆ ಶೀತವಾ?" ನನಗೆ ಸಿಟ್ಟು ಬಂತು. "ಅವರಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಬಂದಿದೆ, ಗೊತ್ತಾ?" ಎಂದೆ. "ನೊಬೆಲ್ ಬಂದವರಿಗೆ ಶೀತ ಆಗಬಾರದು ಅಂತ ಇದೆಯಾ?" ಎಂದ. ಒಳಗೆ ಹೆಂಡತಿ ನಗುವುದು ಕೇಳಿಸಿತು. ಹಾಡಿಗೆ ಪ್ರಶಸ್ತಿಯ ಊರುಗೋಲು ಕೊಟ್ಟು ನಡೆಸಲಾಗದು ಎಂಬುದು ಅವತ್ತು ತಿಳಿಯಿತು.

ಮೂರನೆಯ ವಾರ ಭಾಷಣವಿಲ್ಲದೆ ಪಿಂಕ್ ಫ್ಲಾಯ್ಡ್ ತಂಡದ 'ಅನದರ್ ಬ್ರಿಕ್ ಇನ್ ದ ವಾಲ್' ಹಾಕಿದೆ. ಮಕ್ಕಳ ದನಿಗಳು ಒಟ್ಟಾಗಿ ಬಂದಾಗ ಇಬ್ಬರೂ ನೆಟ್ಟಗೆ ಕೂತರು. "ಇವರು ನಿಜವಾದ ಮಕ್ಕಳಾ?" ನಿಜವಾದವರೇ. ಲಂಡನ್ನಿನ ಇಸ್ಲಿಂಗ್ಟನ್ ಗ್ರೀನ್ ಶಾಲೆಯ ಮಕ್ಕಳು, 1979ರಲ್ಲಿ ಹಾಡಿದ್ದು. ಮರುವರ್ಷ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ವಿದ್ಯಾರ್ಥಿಗಳು ತಮಗೆ ಸಿಗುತ್ತಿದ್ದ ಕಳಪೆ ಶಿಕ್ಷಣದ ವಿರುದ್ಧ ತರಗತಿ ಬಿಟ್ಟು ಹೊರಬಂದಾಗ ಈ ಹಾಡು ಅವರ ಬಾಯಲ್ಲಿತ್ತು. ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. "ಒಂದು ಹಾಡಿಗೆ ಸರ್ಕಾರ ಹೆದರುತ್ತಾ?" ಎಂದು ಮಗ ಕೇಳಿದ. ಅವತ್ತು ಚಹಾ ಆರಿಹೋಗುವವರೆಗೆ ಮಾತಾಡಿದೆವು.

ನಾಲ್ಕನೆಯ ವಾರಕ್ಕೆ ನಾನು ಮೊದಲಿನಿಂದಲೂ ಒಂದೇ ಹಾಡು ಇಟ್ಟುಕೊಂಡಿದ್ದೆ. ಕ್ಯಾಟ್ ಸ್ಟೀವನ್ಸ್‌ನ 'ಫಾದರ್ ಆ್ಯಂಡ್ ಸನ್', 1970ರದು. ಮನೆ ಬಿಟ್ಟು ಹೊರಟ ಮಗ, ತಡೆಯುವ ಅಪ್ಪ. ಎರಡೂ ಪಾಲು ಒಬ್ಬನೇ ಹಾಡುತ್ತಾನೆ. ಅಪ್ಪನಿಗೆ ತಗ್ಗಿದ ದನಿ, ಮಗನಿಗೆ ಏರಿದ ದನಿ. ನಮ್ಮವರಿಗೆ ಇದೇನೂ ಹೊಸತಲ್ಲ. 1977ರ 'ಬಭ್ರುವಾಹನ'ದಲ್ಲಿ ಡಾ. ರಾಜ್‌ಕುಮಾರ್ ಅರ್ಜುನನೂ ಅವರೇ, ಬಭ್ರುವಾಹನನೂ ಅವರೇ ಆಗಿ ಅಪ್ಪ ಮಗ ಇಬ್ಬರ ಪರವಾಗಿಯೂ ಗುಡುಗಲಿಲ್ಲವೇ? ಆ ಸಿನಿಮಾಕ್ಕೆ ನನ್ನನ್ನು ಕರೆದುಕೊಂಡು ಹೋದದ್ದು ನನ್ನ ಅಪ್ಪ. ಹೋಟೆಲಿಗೆ ಅರ್ಧ ದಿನ ರಜೆ ಕೊಟ್ಟು, ಸೈಕಲ್ಲಿನ ಬಾರ್ ಮೇಲೆ ಕೂರಿಸಿಕೊಂಡು.

ಅಪ್ಪನದು ಕುಂದಾಪುರದಲ್ಲಿ ನಾಲ್ಕು ಮೇಜಿನ ಹೋಟೆಲು. ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚುವವರು. ರಾತ್ರಿ ತಾಳಮದ್ದಳೆ ಇದೆಯೆಂದರೆ ಮಾತ್ರ ನಿದ್ದೆ ಬೇಡ. ನಾನು ಕಾಲೇಜಿಗೆ ಹೋಗುವಾಗ ಗೆಳೆಯನೊಬ್ಬನಿಂದ ತಂದ ಕ್ಯಾಸೆಟ್ಟುಗಳನ್ನು ಹಿತ್ತಿಲ ಕೋಣೆಯಲ್ಲಿ ಹಾಕಿದರೆ, "ಎಂತದಾ ಅದು, ತಲೆಬುಡ ಇಲ್ಲದ ಬೊಬ್ಬೆ?" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನಗೂ ಆಗ ಅರ್ಧ ಪದ ಅರ್ಥವಾಗುತ್ತಿರಲಿಲ್ಲ. ಆದರೆ ಈ ಹಾಡಿನ ಮಗನ ಪಾಲು ಮಾತ್ರ ನನಗಾಗಿಯೇ ಬರೆದಂತಿತ್ತು. ಅಪ್ಪನಿಗೆ ನಾನು ಗಲ್ಲಾದ ಮೇಲೆ ಕೂರಬೇಕು. ನನಗೆ ಮುಂಬೈಗೆ ಹೋಗಬೇಕು.

1994ರ ಜೂನ್‌ನಲ್ಲಿ, ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಮುಂಬೈ ಬಸ್ಸು ಹತ್ತಿದೆ. ಒಂದು ವಾರದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಅಪ್ಪ ಕೊಡೆ ಹಿಡಿದು ಕಿಟಕಿಯ ಬಳಿ ಬಂದರು. ನನ್ನ ಕಿವಿಯಲ್ಲಿ ವಾಕ್‌ಮನ್. ಹೊರಗೆ ಜೋರು ಮಳೆ. ಅವರ ತುಟಿ ಅಲುಗಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ನಾನು ಕಿವಿಯಿಂದ ತೆಗೆಯಲಿಲ್ಲ. ಆಯಿತು ಎಂಬಂತೆ ತಲೆ ಆಡಿಸಿದೆ. ಆಗ ಓಡುತ್ತಿದ್ದದ್ದು ಇದೇ ಹಾಡು ಎಂದರೆ ಬರಹಕ್ಕೆ ಚಂದ, ಆದರೆ ಸುಳ್ಳಾಗುತ್ತದೆ. ಯಾವ ಹಾಡೆಂದು ನೆನಪಿಲ್ಲ.

ಆಮೇಲೆ ನಾವು ರಾಜಿಯಾದೆವು. ರಜೆಗೆ ಹೋದೆ, ಬಂದೆ, ಫೋನಿನಲ್ಲಿ ಮಳೆ ಬೆಳೆ ಮಾತಾಡಿದೆ. ಮೊದಲ ಸಂಬಳದಲ್ಲಿ ಕಾಲಾ ಘೋಡಾದ ರಿದಮ್ ಹೌಸ್‌ನಿಂದ ಇದೇ ಹಾಡಿನ ಒರಿಜಿನಲ್ ಕ್ಯಾಸೆಟ್ ಕೊಂಡೆ. ಆ ಅಂಗಡಿ 2016ರಲ್ಲಿ ಮುಚ್ಚಿತು. ಅಪ್ಪ ಅದಕ್ಕೂ ಏಳು ವರ್ಷ ಮೊದಲೇ ಹೋದರು. ಅವತ್ತು ಕಿಟಕಿಯ ಬಳಿ ಏನು ಹೇಳಿದಿರಿ ಎಂದು ನಾನು ಕೇಳಲೇ ಇಲ್ಲ.

ಇಷ್ಟನ್ನೂ ಮಕ್ಕಳಿಗೆ ಹೇಳುವ ಯೋಚನೆ ಇರಲಿಲ್ಲ. ಹಾಡು ಮುಗಿದ ಮೇಲೆ ಮಗ ಕೇಳಿದ, "ಅಪ್ಪ, ನೀನು ಯಾರ ಕಡೆ?" ಮೊದಲು ಮಗನ ಕಡೆ ಇದ್ದೆ ಎಂದೆ. "ಈಗ?" ಎಂದ. ಆಗ ಬಸ್ಸಿನ ಕಥೆ ಹೊರಗೆ ಬಂತು. ಇಬ್ಬರೂ ಸುಮ್ಮನಿದ್ದರು. "ಅಜ್ಜನಿಗೆ ಈ ಹಾಡು ಕೇಳಿಸಿದ್ದೆಯಾ?" ಇಲ್ಲ. "ಯಾಕೆ, ಅಜ್ಜನಿಗೆ ಇಂಗ್ಲಿಷ್ ಬರ್ತಿರಲಿಲ್ಲವಾ?" ಬರುತ್ತಿರಲಿಲ್ಲ. ಆದರೆ ಕಾರಣ ಅದಲ್ಲ. ಒಬ್ಬನೇ ಅರ್ಥಧಾರಿ, ಎರಡು ಪಾತ್ರ, ಅಪ್ಪ ಮಗನ ವಾದ ಎಂದಿದ್ದರೆ ತಾಳಮದ್ದಳೆಯ ಅಪ್ಪನಿಗೆ ನನಗಿಂತ ಚೆನ್ನಾಗಿ ಅರ್ಥವಾಗುತ್ತಿತ್ತು. ಇನ್ನೊಂದು ಮಾತು ಹೇಳಿದ್ದರೆ ನಕ್ಕೂ ಬಿಡುತ್ತಿದ್ದರು: ಈ ಗಾಯಕನ ಅಪ್ಪನದೂ ಲಂಡನ್ನಿನಲ್ಲಿ ಹೋಟೆಲು, ಮನೆ ಅದರ ಮಹಡಿಯ ಮೇಲೆ. ಸೈಪ್ರಸ್‌ನಿಂದ ಬಂದ ಗ್ರೀಕ್ ವಲಸಿಗ. ಮಗನೂ ಅಲ್ಲಿ ಗಿರಾಕಿಗಳಿಗೆ ತಟ್ಟೆ ಬಡಿಸಿದವನೇ.

"ಮಾವ, ಇಲ್ಲಿ ನೋಡಿ" ಎಂದು ಹುಡುಗಿ ಫೋನು ತೋರಿಸಿದಳು. ಅವಳೇ ಹುಡುಕಿದ್ದು. ಈಗ ಯೂಸುಫ್ ಎಂಬ ಹೆಸರಿನ ಆ ಗಾಯಕ ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ, 2020ರಲ್ಲಿ, ಈ ಹಾಡನ್ನು ಮತ್ತೆ ಮುದ್ರಿಸಿದ್ದಾನೆ. ಅಪ್ಪನ ಪಾಲು ಈಗಿನ ಮುದಿ ದನಿಯಲ್ಲಿ. ಮಗನ ಪಾಲಿಗೆ ತನ್ನದೇ ಇಪ್ಪತ್ತೆರಡರ ದನಿ, ಲಾಸ್ ಏಂಜಲೀಸ್‌ನ ಕ್ಲಬ್ಬೊಂದರಲ್ಲಿ 1970ರಲ್ಲಿ ಹಾಡಿದ್ದಾಗಿನ ಮುದ್ರಣ. ನನಗೆ ಇದು ಗೊತ್ತಿರಲಿಲ್ಲ. ಹಾಡನ್ನು ಪರಿಚಯಿಸಲು ಹೊರಟವನಿಗೆ ಮಕ್ಕಳೇ ಅದನ್ನು ಪರಿಚಯಿಸಿದ್ದರು. ಅದನ್ನೂ ಪೂರ್ತಿ ಕೇಳಿದೆವು. ಈ ಸಲ ನಾನು ಯಾರ ಕಡೆಗೂ ಇರಲಿಲ್ಲ.

ಆ ಹಾಡಿನಲ್ಲಿ ಅಪ್ಪ ಕೆಟ್ಟವನಲ್ಲ. ಅವನ ಬುದ್ಧಿಮಾತೂ ತಪ್ಪಲ್ಲ. ಆದರೆ ಅವನು ಹೇಳುತ್ತಲೇ ಇರುತ್ತಾನೆ, ಕೇಳಿಸಿಕೊಳ್ಳುವುದಿಲ್ಲ. ನಾಲ್ಕು ಭಾನುವಾರ ನಾನು ಮಾಡಿದ್ದೂ ಅದನ್ನೇ ಅಲ್ಲವೇ? ಅವರು ದಿನವಿಡೀ ಏನು ಕೇಳುತ್ತಾರೆಂದು ಬೈಗುಳದ ರೂಪದಲ್ಲಲ್ಲದೆ ಒಮ್ಮೆಯೂ ವಿಚಾರಿಸಿರಲಿಲ್ಲ.

ಕೊನೆಯ ಭಾನುವಾರ ನೀವೇ ಆರಿಸಿ ಎಂದೆ. ಮಗ ಬಿಲ್ಲಿ ಐಲಿಶ್ ಹಾಕಿದ. ಹಾಡುತ್ತಿದ್ದಾಳೋ ಪಿಸುಗುಟ್ಟುತ್ತಿದ್ದಾಳೋ ತಿಳಿಯಲಿಲ್ಲ. ಶೀತವಾ ಎಂದು ಕೇಳಬೇಕೆನ್ನಿಸಿತು, ನುಂಗಿಕೊಂಡೆ. "ಅಪ್ಪ, ಇದು ಸ್ಪೀಕರಿನಲ್ಲಿ ಕೇಳೋ ಹಾಡಲ್ಲ. ಅವಳು ಮತ್ತು ಅವಳ ಅಣ್ಣ ಇಬ್ಬರೇ ಮನೆಯ ಬೆಡ್‌ರೂಮಿನಲ್ಲಿ ಕೂತು ಮಾಡಿದ್ದು. ಹತ್ತಿರದಿಂದ ಕೇಳಬೇಕು" ಎಂದು ತನ್ನ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿದ. ಇನ್ನೊಂದು ಅವನ ಕಿವಿಯಲ್ಲಿ. ತಂತಿ ಗಿಡ್ಡ. ತಲೆಗೆ ತಲೆ ತಾಗಿಸಿ ಕೂರಬೇಕಾಯಿತು.

ಎರಡನೆಯ ಸಲ ಕೇಳುತ್ತಿದ್ದಾಗ ಮಗ ನನ್ನ ಭುಜ ತಟ್ಟಿದ. "ಅಪ್ಪ, ಅಮ್ಮ ಆಗಿನಿಂದ ಊಟಕ್ಕೆ ಕರೀತಿದ್ದಾಳೆ."

ಕಿವಿಯಿಂದ ತೆಗೆದು, "ಹಾಂ? ಏನಂದೆ?" ಎಂದು ಒಳಗೆ ಕೂಗಿ ಕೇಳಿದೆ.