ಹಡಗಿನವನು ವಿಮಾನ ಹತ್ತಲು ಹೊರಟಾಗ

ಪೈಲಟ್ ಅಂದ ತಕ್ಷಣ ನಮಗೆ ನೆನಪಾಗೋದು ವಿಮಾನ. ಆದರೆ ಆ ಪದ ಮೊದಲು ನೀರಿನದು. ವಿಮಾನ ಹುಟ್ಟುವ ನೂರಾರು ವರ್ಷ ಮೊದಲೇ ಹಡಗುಗಳಿಗೆ ಪೈಲಟ್‌ಗಳಿದ್ದರು. ಇವತ್ತಿಗೂ ಮಂಗಳೂರಿನ ಪಣಂಬೂರು ಬಂದರಿಗೆ ದೊಡ್ಡ ಹಡಗು ಬಂತೆಂದರೆ, ಅದರ ಕ್ಯಾಪ್ಟನ್ ಎಷ್ಟೇ ಅನುಭವಸ್ಥನಾಗಿರಲಿ, ಬಂದರಿನ ಪೈಲಟ್ ಒಬ್ಬರು ಸಣ್ಣ ಬೋಟಿನಲ್ಲಿ ಹೋಗಿ, ಹಡಗಿನ ಪಕ್ಕಕ್ಕೆ ಇಳಿಬಿಟ್ಟ ಹಗ್ಗದ ಏಣಿ ಹತ್ತಿ, ದಾರಿ ತೋರಿಸಿ ಒಳಗೆ ಕರೆತರುತ್ತಾರೆ.

ಇದನ್ನು ನನಗೆ ಹೇಳಿದ್ದು ನನ್ನ ಚಿಕ್ಕಮ್ಮನ ಮಗ. ಅವನು ಆಗ ಒಂದು ಸರಕು ಹಡಗಿನಲ್ಲಿ ಥರ್ಡ್ ಆಫೀಸರ್. ಯಾವುದೋ ಬಂದರಿನಲ್ಲಿ ನೆಟ್‌ವರ್ಕ್ ಸಿಕ್ಕಾಗ ಫೋನ್ ಮಾಡಿದ್ದ. ಹಗ್ಗದ ಏಣಿಯ ಕತೆಯೆಲ್ಲ ಹೇಳಿ ಮುಗಿಸಿ, "ಅಣ್ಣಾ, ನಂಗೆ ಇನ್ನೊಂದು ಥರದ ಪೈಲಟ್ ಆಗ್ಬೇಕು. ಏರ್‌ಫೋರ್ಸಿಗೆ ಹೋಗ್ಬೇಕು" ಅಂದ.

ಅವನಿಗೆ 22 ತುಂಬಿ ಏಳು ತಿಂಗಳಾಗಿತ್ತು. ಈ ಏಳು ತಿಂಗಳಿನ ಲೆಕ್ಕ ಯಾಕೆ ಮುಖ್ಯ ಅಂತ ಮುಂದೆ ಹೇಳ್ತೀನಿ.

ಮೊದಲು ನನ್ನ ಕ್ಷೇತ್ರದ ಮಾತು. ನಾನು ಬಿಇ ಓದಿದ್ದು ಮೆಕ್ಯಾನಿಕಲ್. ಲೇಥ್ ಮುಂದೆ ನಿಂತು ಕಲಿತದ್ದಕ್ಕೂ ಇವತ್ತು ಬರೆಯುವ ಕೋಡಿಗೂ ಏನೇನೂ ಸಂಬಂಧವಿಲ್ಲ. ನಮ್ಮಲ್ಲಿ ಟೆಸ್ಟಿಂಗ್‌ನವನು ಡೆವಲಪ್‌ಮೆಂಟಿಗೆ ಬರುತ್ತಾನೆ, ಡೆವಲಪ್‌ಮೆಂಟಿನವಳು ಡೇಟಾ ಕಡೆ ಹೋಗುತ್ತಾಳೆ. ಆರು ತಿಂಗಳ ಆನ್‌ಲೈನ್ ಕೋರ್ಸು, ರಾತ್ರಿ ಒಂದಿಷ್ಟು ಓದು, ನಾಲ್ಕು ಇಂಟರ್‌ವ್ಯೂ. ಸಿಗದಿದ್ದರೆ ಮುಂದಿನ ವರ್ಷ ಮತ್ತೆ. ಹಾಗಾಗಿ 'ಮನಸ್ಸಿಗೆ ಬಂದದ್ದು ಮಾಡು, ಯಾವಾಗ ಬೇಕಾದರೂ ಬದಲಾಯಿಸಬಹುದು' ಅಂತ ಉಪದೇಶ ಮಾಡೋದು ನಮ್ಮಂಥವರಿಗೆ ಸಲೀಸು.

ಅವನ ವಿಷಯ ಹಾಗಿರಲಿಲ್ಲ. ವಾಯುಪಡೆಯ ಹಾರಾಟ ವಿಭಾಗಕ್ಕೆ ಎಎಫ್‌ಕ್ಯಾಟ್ ಅನ್ನೋ ಪರೀಕ್ಷೆ ವರ್ಷಕ್ಕೆರಡು ಸಲ ನಡೆಯುತ್ತದೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿರಬೇಕು, ಆಮೇಲೆ ಡಿಗ್ರಿ ಬೇಕು. ವಯಸ್ಸು 20ರಿಂದ 24. ಸಿಡಿಎಸ್ ಪರೀಕ್ಷೆ ಮೂಲಕ ಹೋದರೂ ಅದೇ 24. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದವರಿಗೆ ಮಾತ್ರ 26ರವರೆಗೆ ಸಡಿಲಿಕೆ. ಮುಖ್ಯವಾದ ಮಾತೆಂದರೆ, ಈ 24ನ್ನು ಲೆಕ್ಕ ಹಾಕೋದು ಪರೀಕ್ಷೆ ಬರೆಯುವ ದಿನಕ್ಕಲ್ಲ, ತರಬೇತಿ ಶುರುವಾಗುವ ದಿನಕ್ಕೆ. ಪರೀಕ್ಷೆಗೂ ತರಬೇತಿಗೂ ನಡುವೆ ಹೆಚ್ಚುಕಡಿಮೆ ಒಂದು ವರ್ಷ. ನಾವಿಬ್ಬರೂ ಫೋನಿನಲ್ಲೇ ಕೂಡಿ ಕಳೆದು ನೋಡಿದೆವು. ಫೆಬ್ರುವರಿ ಪರೀಕ್ಷೆ ಬರೆದು ಪಾಸಾದರೆ ಮುಂದಿನ ಜನವರಿಗೆ ಅವನಿಗೆ 23 ವರ್ಷ ಹತ್ತು ತಿಂಗಳು. ಅದು ತಪ್ಪಿದರೆ ಆಗಸ್ಟಿನ ಪರೀಕ್ಷೆ. ಅದರ ತರಬೇತಿ ಶುರುವಾಗುವಷ್ಟರಲ್ಲಿ 24 ದಾಟಿ ನಾಲ್ಕು ತಿಂಗಳು. ಅಂದರೆ ಉಳಿದದ್ದು ಒಂದೇ ಪರೀಕ್ಷೆ.

ಅದೂ ಉಳಿದದ್ದು ಅವನು ಮೂರು ವರ್ಷದ ಬಿಎಸ್ಸಿ ನಾಟಿಕಲ್ ಸೈನ್ಸ್ ಓದಿದ್ದರಿಂದ. ಬೇಗ ಹಡಗು ಹತ್ತುವ ಆಸೆಗೆ ಒಂದು ವರ್ಷದ ಡಿಪ್ಲೊಮಾ ಸೇರಿದವರೂ ಆಫೀಸರ್ ಆಗುತ್ತಾರೆ, ಆದರೆ ಅದೊಂದೇ ಡಿಗ್ರಿಯಲ್ಲ. ಅವನ ಜೊತೆ ಕೆಡೆಟ್ ಆಗಿದ್ದ ಒಬ್ಬನಿಗೆ ಇದೇ ಆಸೆಯಿತ್ತಂತೆ. ಅರ್ಜಿಯ ಮೊದಲ ಪುಟದಲ್ಲೇ ನಿಲ್ಲಬೇಕಾಯಿತು.

ಮನೆಯಲ್ಲಿ ಸುದ್ದಿ ತಿಳಿದು ರಂಪವಾಯಿತು. ತೋಟದ ಪತ್ರ ಬ್ಯಾಂಕಿನಲ್ಲಿಟ್ಟು ಓದಿಸಿದ್ದು. ಡಾಲರ್ ಲೆಕ್ಕದ ಸಂಬಳ ಬರೋಕೆ ಶುರುವಾಗಿ ಆರು ತಿಂಗಳೂ ಆಗಿರಲಿಲ್ಲ. ಚಿಕ್ಕಮ್ಮ ನನಗೆ ಫೋನ್ ಮಾಡಿ, "ಸಮುದ್ರಕ್ಕೆ ಕಳಿಸಿ ನಿದ್ದೆ ಬಿಟ್ಟದ್ದು ಸಾಕಾಗಲಿಲ್ವಾ ಇವನಿಗೆ? ಇನ್ನು ಯುದ್ಧದ ವಿಮಾನ ಬೇರೆ. ನಿನ್ನ ಮಾತು ಕೇಳ್ತಾನೆ, ನೀನೇ ಬುದ್ಧಿ ಹೇಳು" ಅಂದರು.

ಬುದ್ಧಿ ಹೇಳುವ ಬದಲು ನಾನು ಅವನಿಗೆ ಮೂರು ಪ್ರಶ್ನೆ ಕೇಳಿದೆ. "ತಮಾ, ನಿಂಗೆ ಬೇಕಾಗಿದ್ದು ಹಡಗು ಬಿಡೋದಾ, ಯೂನಿಫಾರ್ಮಾ, ಅಥವಾ ಹಾರೋದಾ? ಈ ಮೂರೂ ಒಂದೇ ಅಲ್ಲ ಮಾರಾಯ."

ಹಡಗು ಬಿಡೋದೇ ಮುಖ್ಯವಾದರೆ ಇನ್ನೊಂದಷ್ಟು ವರ್ಷ ತಡೆದುಕೊಂಡು ಮೇಲಿನ ಪರೀಕ್ಷೆಗಳನ್ನು ಮುಗಿಸಿದರೆ ಬಂದರು, ಸರ್ವೆ, ಹಡಗು ಕಂಪನಿಗಳ ಆಫೀಸು ಅಂತ ದಡದ ಮೇಲೆ ಕೆಲಸಗಳಿವೆ. ಯೂನಿಫಾರ್ಮೇ ಬೇಕಾದರೆ ನೌಕಾಪಡೆ ಇದೆ, ವಾಯುಪಡೆಯದ್ದೇ ಗ್ರೌಂಡ್ ಡ್ಯೂಟಿ ಇದೆ. ಅದಕ್ಕೆ 26ರವರೆಗೆ ಅವಕಾಶ. ಬರೀ ಹಾರೋದಾದರೆ ಸಿವಿಲ್ ಪೈಲಟ್ ಆಗಬಹುದು. 200 ಗಂಟೆ ಹಾರಾಟ ಮುಗಿಸಬೇಕು, ಲಕ್ಷಗಟ್ಟಲೆ ದುಡ್ಡು ಸುರಿಯಬೇಕು, ಆದರೆ 24ರ ಬಾಗಿಲು ಅಲ್ಲಿಲ್ಲ.

ಒಂದು ವಾರ ಸುದ್ದಿಯಿಲ್ಲ. ಆಮೇಲೆ ಉದ್ದದ ವಾಯ್ಸ್ ಮೆಸೇಜ್ ಬಂತು. "ಅಣ್ಣಾ, ಹಡಗು ಬೋರಾಗಿ ಬಿಡ್ತಾ ಇಲ್ಲ. ಎಂಟರಿಂದ ಹನ್ನೆರಡು ನನ್ನ ವಾಚ್. ಬೆಳಿಗ್ಗೆ ನಾಲ್ಕು ತಾಸು, ರಾತ್ರಿ ನಾಲ್ಕು ತಾಸು ಬ್ರಿಡ್ಜ್ ಮೇಲೆ ನಿಂತಿರ್ತೀನಿ. ಹಡಗು ಅದರ ಪಾಡಿಗೆ ಹೋಗ್ತಾ ಇರುತ್ತೆ, ನಾನು ನೋಡ್ತಾ ಇರ್ತೀನಿ. ನಂಗೆ ಕೈಯಲ್ಲಿ ಹಿಡ್ಕೊಂಡು ನಡೆಸೋದು ಬೇಕು. ಸಿವಿಲ್ ವಿಮಾನ ಆದ್ರೆ ಅದೂ ಹಡಗಿನ ಹಾಗೇ ಅಲ್ವಾ, ಆಟೋಪೈಲಟ್ ಹಾಕಿ ಜನರನ್ನ ಸಾಗಿಸೋದು, ಸ್ವಲ್ಪ ಬೇಗ ಅಷ್ಟೇ."

ವಿಮಾನ ಕಂಪನಿಯವರು ಒಪ್ಪುವ ಮಾತಲ್ಲ. ಆದರೆ ಅವನಿಗೆ ಏನು ಬೇಕು ಅನ್ನೋದು ಅವನಿಗೆ ಗೊತ್ತಿತ್ತು. ಅರ್ಜಿಯಲ್ಲಿ ಗ್ರೌಂಡ್ ಡ್ಯೂಟಿಯನ್ನೂ ಸೇರಿಸು, ಅದೂ ಒಂದು ಇರಲಿ ಅಂದೆ. ಸೇರಿಸಲಿಲ್ಲ. ಫ್ಲೈಯಿಂಗ್ ಒಂದೇ ಹಾಕಿದ.

ಹೊರಗಿನವರಿಗೆ ಈ ಬದಲಾವಣೆ ತಲೆಕೆಳಗು ಅನ್ನಿಸುತ್ತೆ, ನೀರೆಲ್ಲಿ, ಗಾಳಿಯೆಲ್ಲಿ ಅಂತ. ಅವನ ಜೊತೆ ಓದಲು ಕೂತಾಗ ನನಗೆ ಗೊತ್ತಾಗಿದ್ದು, ಆಕಾಶದವರು ಮಾತಾಡೋದೇ ಸಮುದ್ರದ ಭಾಷೆ. ವೇಗವನ್ನು ಇಬ್ಬರೂ ನಾಟ್‌ಗಳಲ್ಲಿ ಹೇಳುತ್ತಾರೆ, ದೂರವನ್ನು ನಾಟಿಕಲ್ ಮೈಲಿಯಲ್ಲಿ. ಒಂದು ಮೈಲಿ ಅಂದರೆ 1852 ಮೀಟರ್. ಕ್ಯಾಪ್ಟನ್, ಕಾಕ್‌ಪಿಟ್, ಕ್ಯಾಬಿನ್, ಡೆಕ್, ಲಾಗ್‌ಬುಕ್ ಎಲ್ಲವೂ ಹಡಗಿನಿಂದ ಮೇಲಕ್ಕೆ ಹೋದ ಪದಗಳು. ರಾತ್ರಿ ಹಡಗಿನ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ವಿಮಾನದ ರೆಕ್ಕೆಗಳಿಗೂ ಹಾಗೇ. ಎದುರುಬದುರು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಬರುವ ಹಡಗು ನಿನ್ನ ಬಲಗಡೆ ಇದ್ದರೆ ನೀನೇ ದಾರಿ ಬಿಡಬೇಕು. ಆಕಾಶದಲ್ಲೂ ಅದೇ ನಿಯಮ.

ಈ ದಾರಿಯಲ್ಲಿ ಹೋದವರಲ್ಲಿ ಇವನೇನೂ ಮೊದಲಿಗನಲ್ಲ. 1911ರಲ್ಲಿ ಬ್ರಿಟಿಷ್ ನೌಕಾಪಡೆ ಹಾರೋದು ಕಲಿಸಲು ತನ್ನ ಬೆರಳೆಣಿಕೆಯ ಅಧಿಕಾರಿಗಳನ್ನು ಆರಿಸಿತು. ಅವರಲ್ಲೊಬ್ಬ ಚಾರ್ಲ್ಸ್ ಸ್ಯಾಮ್ಸನ್. ಮರುವರ್ಷ ಮೇ ತಿಂಗಳಲ್ಲಿ, ಚಲಿಸುತ್ತಿದ್ದ ಹಡಗಿನ ಮೇಲಿಂದ ವಿಮಾನ ಹಾರಿಸಿದ ಮೊದಲಿಗ ಆತ. ಅಮೆರಿಕದ ವಿಲಿಯಂ ಹಾಲ್ಸಿ ಅವರದು ಇನ್ನೂ ಸೋಜಿಗದ ಕತೆ. ಹಡಗುಗಳಲ್ಲೇ ತಲೆ ನರೆತ ಅವರಿಗೆ ವಿಮಾನವಾಹಕ ನೌಕೆಯ ನಾಯಕತ್ವ ಸಿಗುವುದಿತ್ತು. ಅದಕ್ಕೆ ವೀಕ್ಷಕನ ತರಬೇತಿ ಸಾಕಾಗಿತ್ತು. ಅವರು ಪೈಲಟ್ ಕೋರ್ಸನ್ನೇ ಮಾಡ್ತೀನಿ ಅಂತ ಹಟ ಹಿಡಿದು, ಮಕ್ಕಳ ವಯಸ್ಸಿನ ಹುಡುಗರ ಜೊತೆ ಕಲಿತು, 1935ರಲ್ಲಿ ರೆಕ್ಕೆಯ ಬ್ಯಾಡ್ಜ್ ಪಡೆದರು. ಆಗ ಅವರಿಗೆ 52 ವರ್ಷ. ನಮ್ಮಲ್ಲಿ 1961ರಲ್ಲಿ ಐಎನ್‌ಎಸ್ ವಿಕ್ರಾಂತದ ಮೇಲೆ ಜೆಟ್ ವಿಮಾನ ಇಳಿಸಿದ ಮೊದಲ ಭಾರತೀಯ ಆರ್. ಎಚ್. ತಹಿಲಿಯಾನಿ ಮುಂದೆ ನೌಕಾಪಡೆಯ ಮುಖ್ಯಸ್ಥರೇ ಆದರು. ಇನ್ನು ಅಭಿಲಾಷ್ ಟಾಮಿ ಉಲ್ಟಾ ದಾರಿಯವರು: ನೌಕಾಪಡೆಯ ಪೈಲಟ್ ಆಗಿದ್ದವರು ಹಾಯಿದೋಣಿಯಲ್ಲಿ ಒಬ್ಬರೇ, ಎಲ್ಲೂ ನಿಲ್ಲದೆ, 2013ರಲ್ಲಿ ಭೂಮಿ ಸುತ್ತಿ ಬಂದರು.

ಹಾಲ್ಸಿಯವರ ಕತೆಯನ್ನು ನಾನು ಉತ್ಸಾಹದಿಂದ ಕಳಿಸಿದಾಗ ಅವನು ಬರೆದ ಉತ್ತರ: "ಅವ್ರು ಆಗ್ಲೇ ಒಳಗಿದ್ರು ಅಣ್ಣಾ. ನಾನು ಗೇಟಿನ ಹೊರಗಿದೀನಿ." ಅವನು ಹೇಳಿದ್ದು ಸರಿ. ಒಂದೇ ಸಂಸ್ಥೆಯ ಒಳಗೆ ಕೋಣೆ ಬದಲಾಯಿಸುವುದು ಬೇರೆ, ಊರ ಹೊರಗಿನಿಂದ ಬಂದು ಬಾಗಿಲು ತಟ್ಟುವುದು ಬೇರೆ. ಸ್ಫೂರ್ತಿ ಕೊಡೋ ಕತೆಗಳಲ್ಲಿ ಈ ವ್ಯತ್ಯಾಸ ಯಾರೂ ಹೇಳೋದಿಲ್ಲ.

ಜನವರಿಯಲ್ಲಿ ಹಡಗಿನಿಂದ ಇಳಿದು ಊರಿಗೆ ಬಂದ. ಪೈಲಟ್ ಆಗೋಕೆ ದೇಹದ ಅಳತೆಗಳೂ ಇವೆ. ಎತ್ತರ ಕನಿಷ್ಠ 162.5 ಸೆಂಟಿಮೀಟರ್, ಕಾಲಿನ ಉದ್ದ 99ಕ್ಕಿಂತ ಕಮ್ಮಿ ಇರಬಾರದು, 120ಕ್ಕಿಂತ ಹೆಚ್ಚೂ ಇರಬಾರದು, ತೊಡೆಯ ಉದ್ದಕ್ಕೆ, ಕೂತಾಗಿನ ಎತ್ತರಕ್ಕೆ ಬೇರೆ ಮಿತಿ. ಕಾಕ್‌ಪಿಟ್ ಇರೋದು ಅಷ್ಟೇ ಜಾಗ. ಕಾಲು ಪೆಡಲಿಗೆ ಮುಟ್ಟಬೇಕು, ಅಪಾಯ ಬಂದು ಸೀಟಿನ ಸಮೇತ ಹೊರಗೆ ಚಿಮ್ಮಿದರೆ ಮಂಡಿ ಎದುರಿನ ಫಲಕಕ್ಕೆ ಬಡಿಯಬಾರದು. ಅಷ್ಟು ದಿನ ಮಗನ ಹತ್ತಿರ ಮಾತು ಬಿಟ್ಟಿದ್ದ ಚಿಕ್ಕಪ್ಪ ಒಂದು ಮಧ್ಯಾಹ್ನ ತೋಟದ ಗಡಿ ಅಳೆಯೋ ಟೇಪು ತಂದು, ಅವನನ್ನು ಜಗುಲಿಯ ಗೋಡೆಗೆ ಒರಗಿಸಿ ಕೂರಿಸಿ, ಕಾಲು ಅಳೆದರಂತೆ. ಅಳತೆ ಸರಿಯಾಗಿತ್ತು. "ಹ್ಞೂಂ" ಅಂದು ಟೇಪು ಸುತ್ತಿಕೊಂಡು ಎದ್ದು ಹೋದರಂತೆ. ಒಪ್ಪಿಗೆ ಅಂತ ಸಿಕ್ಕಿದ್ದು ಅಷ್ಟೇ.

ಲಿಖಿತ ಪರೀಕ್ಷೆ ಪಾಸಾಯಿತು. ಆಯ್ಕೆ ಮಂಡಳಿಗೆ ಕರೆ ಬಂದದ್ದು ಮೈಸೂರಿಗೆ. ಮೊದಲ ದಿನವೇ ಬಂದವರಲ್ಲಿ ಅನೇಕರನ್ನು ವಾಪಸ್ ಕಳಿಸುತ್ತಾರೆ. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆ, ಮೈದಾನದಲ್ಲಿ ಗುಂಪಿನ ಕೆಲಸ, ಸಂದರ್ಶನ. ಇದರಲ್ಲಿ ಹಡಗು ಅವನ ಕೈ ಹಿಡಿಯಿತು. ಹಗ್ಗ, ಹಲಗೆ, ಪೀಪಾಯಿ ಕೊಟ್ಟು ಆಚೆ ದಾಟಿ ಅಂದರೆ, ಅದು ಅವನ ನಿತ್ಯದ ಕೆಲಸ. ಥರ್ಡ್ ಆಫೀಸರ್ ಅಂದರೆ ಹಡಗಿನ ಲೈಫ್‌ಬೋಟು, ಬೆಂಕಿ ಆರಿಸುವ ಸಾಮಾನುಗಳ ಜವಾಬ್ದಾರಿ ಇರೋನು. ಅಪ್ಪನ ವಯಸ್ಸಿನವರನ್ನು ಸಾಲಾಗಿ ನಿಲ್ಲಿಸಿ ಡ್ರಿಲ್ ಮಾಡಿಸಿದವನು. ಕೊನೆಯ ದಿನ ಆಯ್ಕೆಯಾದವರ ಎದೆಯ ನಂಬರುಗಳನ್ನು ಕೂಗಿದಾಗ ಅವನದೂ ಇತ್ತು.

ಹಾಗೆ ಆಯ್ಕೆಯಾದವರಿಗೆ ಆಮೇಲೆ ಇನ್ನೊಂದು ಪರೀಕ್ಷೆ. ಕಂಪ್ಯೂಟರ್ ಯಂತ್ರದ ಮುಂದೆ ಕೂರಿಸಿ ಕೈ, ಕಾಲು, ಕಣ್ಣು, ಕಿವಿ ಒಟ್ಟಿಗೆ ಎಷ್ಟು ಚುರುಕಾಗಿ ಕೆಲಸ ಮಾಡುತ್ತವೆ ಅಂತ ನೋಡುತ್ತಾರೆ. ಸಿಪಿಎಸ್‌ಎಸ್ ಅಂತ ಹೆಸರು. ಅದನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಅಲ್ಲಿ ಫೇಲಾದರೆ ವಾಯುಪಡೆಯೂ ಇಲ್ಲ, ನೌಕಾಪಡೆಯ ವಿಮಾನವೂ ಇಲ್ಲ.

ಮೈಸೂರಿನ ಬಸ್‌ಸ್ಟ್ಯಾಂಡಿನಿಂದ ಫೋನ್ ಬಂತು. "ಅಣ್ಣಾ, ಮಷೀನು ಬೇಡ ಅಂತು."

ಬೆಂಗಳೂರಿನ ನನ್ನ ಮನೆಗೆ ಬಂದು ಒಂದು ಹಗಲು, ಒಂದು ರಾತ್ರಿ ಮಲಗಿದ. ನಾನೇನೂ ಸಮಾಧಾನ ಹೇಳಲಿಲ್ಲ, ಹೇಳೋಕೆ ಏನೂ ಇರಲಿಲ್ಲ. ಮರುದಿನ ಟೀ ಕುಡೀತಾ ಅವನೇ ಮಾತು ತೆಗೆದ. "ಹಡಗು 14 ನಾಟ್‌ನಲ್ಲಿ ಹೋಗ್ತಿರುತ್ತೆ, ಅಂದ್ರೆ ತಾಸಿಗೆ 26 ಕಿಲೋಮೀಟರ್. ಎದುರಿಗೆ ಇನ್ನೊಂದು ಹಡಗು ಕಂಡ್ರೆ ಯೋಚನೆ ಮಾಡೋಕೆ ಎಷ್ಟೋ ಹೊತ್ತು ಇರುತ್ತೆ. ರೇಡಾರ್ ನೋಡು, ಮತ್ತೊಮ್ಮೆ ನೋಡು, ಆಮೇಲೆ ತಿರುಗಿಸು. ಅವಸರ ಮಾಡಬೇಡ ಅಂತಾನೇ ಕಲಿಸೋದು. ಅಲ್ಲಿ ಹಾಗಲ್ಲ, ನೋಡೋದೂ ಮಾಡೋದೂ ಒಂದೇ ಸಲ. ನನ್ನ ಕೈ ಹಡಗಿಗೆ ಹೊಂದಿಬಿಡ್ತೋ, ಹುಟ್ಟಿದಾಗಿಂದ ಹಾಗೇನೋ, ಗೊತ್ತಿಲ್ಲ."

ಪದಗಳೆಲ್ಲ ಒಂದೇ ಆದರೂ ಕಾಲದ ಅಳತೆ ಬೇರೆ. ಅದನ್ನು ಪುಸ್ತಕ ಓದಿ ದಾಟೋಕಾಗೋದಿಲ್ಲ.

ಊರಿನ ಕತೆ ಆಮೇಲೆ ತಿಳಿಯಿತು. ಚಿಕ್ಕಮ್ಮ ಇವನಿಗೆ ಆಯ್ಕೆ ಆಗದಿರಲಿ ಅಂತ ದೇವರಿಗೆ ಹರಕೆ ಹೊತ್ತಿದ್ದರಂತೆ. ಹರಕೆ ಫಲಿಸಿತಲ್ಲ, ತೀರಿಸಿ ಬಂದ್ರಾ ಅಂತ ಒಮ್ಮೆ ತಮಾಷೆಗೆ ಕೇಳಿದೆ. "ಇಲ್ಲ ಮಗಾ. ಅವನ ಮುಖ ನೋಡಿದ ಮೇಲೆ ಹೋಗೋಕೆ ಮನಸ್ಸು ಬರ್ಲಿಲ್ಲ" ಅಂದರು.

ಎರಡು ತಿಂಗಳಿಗೆ ಅವನು ಮತ್ತೆ ಹಡಗು ಹತ್ತಿದ. ಈಗ ಸೆಕೆಂಡ್ ಆಫೀಸರ್. ಯಾವ ದಾರಿಯಲ್ಲಿ ಹೋಗಬೇಕು ಅಂತ ನಕ್ಷೆ ಹಾಕೋದು ಅವನದೇ ಕೆಲಸ. ತೋಟದ ಪತ್ರ ಮನೆಗೆ ಬಂದಿದೆ. ಖುಷಿಯಾಗಿದೀಯಾ ಅಂತ ಕೇಳಿದರೆ, "ಕೇಳದೇ ಬಿಟ್ಟಿದ್ರೆ ಬೇಜಾರು ಇರ್ತಿತ್ತು. ಈಗ ಉತ್ತರ ಸಿಕ್ಕಿದೆ" ಅನ್ನುತ್ತಾನೆ. ಅದು ಖುಷಿಯೋ ಅಲ್ಲವೋ, ನಾನು ಕೆದಕೋಕೆ ಹೋಗಿಲ್ಲ.

ಕಳೆದ ಸಲ ರಜೆಗೆ ಬಂದಾಗ ಕಾರವಾರಕ್ಕೆ ಹೋಗಿದ್ದೆವು. ಅಲ್ಲಿ ಕಡಲತೀರದಲ್ಲಿ ಚಾಪೆಲ್ ಯುದ್ಧನೌಕೆಯನ್ನು ದಡಕ್ಕೆ ತಂದು ಸಂಗ್ರಹಾಲಯ ಮಾಡಿದ್ದಾರೆ. ಅದರ ಪಕ್ಕದಲ್ಲೇ ನೌಕಾಪಡೆಯ ಟುಪೊಲೆವ್ ವಿಮಾನ. ಅವನು ಹಡಗನ್ನು ಐದು ನಿಮಿಷದಲ್ಲಿ ನೋಡಿ ಮುಗಿಸಿದ. ವಿಮಾನದ ಹತ್ತಿರ ಒಂದು ತಾಸು ನಿಂತ.

ಊರಿನ ಕಡೆ ಈಗ ಯಾರ ಮನೆ ಹುಡುಗ, ಹುಡುಗಿ ಕ್ಷೇತ್ರ ಬದಲಾಯಿಸ್ತೀನಿ ಅಂದರೂ ನನಗೋ ಅವನಿಗೋ ಫೋನ್ ಬರುತ್ತದೆ. ಕನಸಿನ ಬೆನ್ನು ಹತ್ತು ಅಂತಾಗಲಿ, ಇದ್ದದ್ದರಲ್ಲಿ ಸುಖವಾಗಿರು ಅಂತಾಗಲಿ ನಾವಿಬ್ಬರೂ ಹೇಳೋದಿಲ್ಲ. ಮೊದಲು ಹುಟ್ಟಿದ ತಾರೀಖು ಕೇಳ್ತೀವಿ. ಆಮೇಲೆ, ಇರೋದನ್ನ ಬಿಡಬೇಕೋ, ಹೋಗೋ ಕಡೆ ಏನಾದರೂ ಬೇಕೋ ಅಂತ ಕೇಳಿ, ಒಂದು ವಾರ ಬಿಟ್ಟು ಫೋನ್ ಮಾಡು ಅಂತೀವಿ.