ಹದಿನೆಂಟನೇ ಇಯತ್ತೆ

ನಮ್ಮ ಆಯಿಗೆ ಓದು ಅಂದರೆ ಇಯತ್ತೆ. ಆಯಿ ಅಂದರೆ ಅಪ್ಪನ ಅವ್ವ. ಸಹಿ ಮಾಡುವ ಜಾಗದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದ ಆಕೆ ಮೊಮ್ಮಗನ ಓದಿನ ಲೆಕ್ಕವನ್ನು ಮಾತ್ರ ಒಂದಂಕಿ ತಪ್ಪದೆ ಇಟ್ಟಿದ್ದಳು. ಎಸ್ಸೆಸ್ಸೆಲ್ಸಿ ಹತ್ತನೇತ್ತ. ಅಲ್ಲಿಗೆ ಸರಕಾರದ ಇಯತ್ತೆ ಮುಗಿದರೂ ಆಯಿಯದು ಮುಗಿಯಲಿಲ್ಲ. ಪಿಯುಸಿ ಹನ್ನೊಂದು, ಹನ್ನೆರಡು, ಬಿ.ಎ. ಮುಗಿಯುವಾಗ ಹದಿನೈದು. 1996ರಲ್ಲಿ ನಾನು ಎಂ.ಎ. ಓದಲು ಧಾರವಾಡಕ್ಕೆ ಹೊರಟಾಗ ಓಣಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಆಕೆ ಹೇಳಿದ್ದು ಒಂದೇ ಮಾತು: "ಹದಿನಾರನೇತ್ತಕ್ಕ ಹೊಂಟಾನ." ಹದಿನಾರು ಎಂಬ ಅಂಕಿ ಕೇಳಿಯೇ ಕಟ್ಟೆ ತಣ್ಣಗಾಯಿತು. ಯಾವ ವಿಷಯ ಎಂದು ಯಾರೂ ಕೇಳಲಿಲ್ಲ. ಕೇಳದಿದ್ದುದೇ ಒಳ್ಳೆಯದಾಯಿತು. ಪ್ರಾಚೀನ ಭಾರತದ ಇತಿಹಾಸ ಮತ್ತು ಶಾಸನಶಾಸ್ತ್ರ ಎಂದು ಹೇಳಿದ್ದರೆ ಅದರಿಂದ ಯಾವ ನೌಕರಿ ಸಿಗುತ್ತದೆ ಎಂಬ ಪ್ರಶ್ನೆಗೆ ಅಂದೂ ನನ್ನಲ್ಲಿ ಉತ್ತರವಿರಲಿಲ್ಲ.

ನಮ್ಮದು ರೋಣ ತಾಲೂಕಿನ ಎರೆ ಸೀಮೆ. ಗುಡ್ಡ ಅಂದರೆ ನಮಗೆ ಒಕ್ಕಲು ಮುಗಿದ ಮೇಲೆ ಕಣದಲ್ಲಿ ಬೀಳುವ ಹೊಟ್ಟಿನ ರಾಶಿ. ಅಂಥವನು ಶ್ರೀನಗರ ಸರ್ಕಲ್ಲಿನಲ್ಲಿ ಬಸ್ಸಿಳಿದು ಕರ್ನಾಟಕ ವಿಶ್ವವಿದ್ಯಾಲಯದ ಏರು ಹತ್ತತೊಡಗಿದಾಗ ಮೊದಲು ಗೊತ್ತಾಗಿದ್ದು ವಿದ್ಯೆಯ ಮಹಿಮೆಯಲ್ಲ, ಮೀನಗಂಡದ ನೋವು. ಈ ಗುಡ್ಡಕ್ಕೆ ಛೋಟಾ ಮಹಾಬಳೇಶ್ವರ ಎಂದು ಹಳಬರು ಹೆಸರಿಟ್ಟಿದ್ದಾರೆ. ದೊಡ್ಡ ಮಹಾಬಳೇಶ್ವರವನ್ನು ನಾನು ಇವತ್ತಿಗೂ ನೋಡಿಲ್ಲ, ಸಣ್ಣದೇ ಸಾಕಾಗಿದೆ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳೆಲ್ಲ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1949ರಲ್ಲಿ, ಈ ವಿಶ್ವವಿದ್ಯಾಲಯ ಮುಂಬಯಿಯಲ್ಲೇ ಹುಟ್ಟಿ ಆಮೇಲೆ ಧಾರವಾಡಕ್ಕೆ ಬಂತು. ಗುಡ್ಡದ ಮೇಲಿನ ಸಂಸಾರ ಹೂಡಿದವರು ಡಿ.ಸಿ. ಪಾವಟೆಯವರು. ಗೋಕಾಕ ತಾಲೂಕಿನ ಮಮದಾಪುರದಿಂದ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದವರು, 1954ರಿಂದ 1967ರವರೆಗೆ ಕುಲಪತಿ, ಅಲ್ಲಿಂದ ನೇರ ಪಂಜಾಬಿನ ರಾಜ್ಯಪಾಲ. ಆವರಣಕ್ಕೆ ಈಗ ಪಾವಟೆನಗರ ಎಂದೇ ವಿಳಾಸ. ಗಣಿತದವರು ಜಾಗ ಆರಿಸಿದರೆ ಹೀಗೇ ಎಂದು ನಾವು ಏರುತ್ತ ಏದುಸಿರಿನಲ್ಲಿ ಅಂದುಕೊಳ್ಳುತ್ತಿದ್ದೆವು: ಕೋನ ಸರಿಯಾಗಿದೆ, ಕಾಲಿನ ಲೆಕ್ಕ ಹಿಡಿದಿಲ್ಲ.

ಏರಿಗಿಂತ ದೊಡ್ಡ ಪಾಠ ಮಳೆಯದು. ನಮ್ಮ ಕಡೆ ಮಳೆ ಬೀಗರಿದ್ದ ಹಾಗೆ. ಬರುತ್ತೇನೆಂದು ಹೇಳಿ ಕಳಿಸುತ್ತದೆ, ಬರುವುದಿಲ್ಲ. ಬಂದರೆ ಊರೆಲ್ಲ ಸಡಗರ. ಧಾರವಾಡ ಮಲೆನಾಡಿನ ಸೆರಗು, ಇಲ್ಲಿ ಮಳೆ ಮನೆ ಅಳಿಯ. ಜೂನಿನಲ್ಲಿ ಬಂದು ಕೂತರೆ ಗಣಪತಿ ಹಬ್ಬದವರೆಗೆ ಏಳುವುದಿಲ್ಲ. ಜಿಟಿಜಿಟಿ ಎಂದು ಒಂದೇ ಸಮನೆ ಸುರಿಯುವ ಆ ಮಳೆಗೆ ಕೊಡೆ ಬಿಚ್ಚಿದರೂ ತೋಯುತ್ತೀರಿ, ಬಿಚ್ಚದಿದ್ದರೂ ತೋಯುತ್ತೀರಿ. ಸಪ್ತಾಪುರದ ನಮ್ಮ ಹೆಂಚಿನ ಖೋಲಿಯಲ್ಲಿ ಮೂವರಿದ್ದೆವು, ಹಗ್ಗ ಒಂದೇ. ಅಂಗಿಗಳು ಸೋಮವಾರ ಹಾಕಿದರೆ ಗುರುವಾರಕ್ಕೂ ಹಸಿ. ಆ ಹಸಿ ಅಂಗಿಗೊಂದು ವಾಸನೆಯಿತ್ತು. ತರಗತಿಯಲ್ಲಿ ಎಲ್ಲರ ಮೈಯಿಂದಲೂ ಅದೇ ಬರುತ್ತಿದ್ದುದರಿಂದ ಮೇಲುಕೀಳಿನ ಪ್ರಶ್ನೆ ಏಳುತ್ತಿರಲಿಲ್ಲ.

ಸಪ್ತಾಪುರದಲ್ಲಿ ಮನುಷ್ಯರನ್ನು ಎರಡೇ ಜಾತಿ ಮಾಡಿದ್ದರು: ಮನೆ ಮಂದಿ, ಓದೂ ಹುಡುಗರು. ಗಡ್ಡ ಬಂದು ಅದರಲ್ಲಿ ಎರಡು ಬಿಳಿ ಕೂದಲು ಇಣುಕಿದರೂ ಖೋಲಿಯಲ್ಲಿರುವ ತನಕ ನೀವು ಓದೂ ಹುಡುಗರೇ. ಕಿರಾಣಿ ಅಂಗಡಿಯವನು ಉದ್ರಿ ಬರೆಯುವುದೂ ಆ ಲೆಕ್ಕದ ಮೇಲೆಯೇ. ಮನೆಯ ಯಜಮಾನಿ ರಾತ್ರಿ ಹತ್ತಕ್ಕೆ ಲೈಟು ನೋಡುತ್ತಿದ್ದರು. ಉರಿಯುತ್ತಿದ್ದರೆ ಕರೆಂಟಿನ ಬಿಲ್ಲು ಏರಿತೆಂದು ಸಿಟ್ಟು, ಆರಿದ್ದರೆ ಓದುವುದಿಲ್ಲವೆಂದು ಸಿಟ್ಟು.

ಊಟಕ್ಕೆ ಖಾನಾವಳಿಯಿತ್ತು, ಆದರೆ ನಿಜವಾದ ಊಟ ಬರುತ್ತಿದ್ದುದು ಬಸ್ಸಿನಲ್ಲಿ. ಇದನ್ನು ಬೇರೆ ಕಡೆಯವರಿಗೆ ಹೇಳಿದರೆ ನಂಬುವುದಿಲ್ಲ. ಬೆಳಗಿನ ಬಸ್ಸಿಗೆ ಊರಲ್ಲಿ ಅವ್ವ ಬುತ್ತಿ ಕೊಡುತ್ತಿದ್ದಳು. ಬಿಳಿ ಅರಿವೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಸಣ್ಣ ಡಬ್ಬಿಯಲ್ಲಿ ಗಟ್ಟಿ ಮೊಸರು. ಗಂಟಿನ ಮೇಲೆ ಹೆಸರಿನ ಚೀಟಿ. ನಿಲ್ದಾಣದಲ್ಲಿ ಬಸ್ಸು ನಿಂತೊಡನೆ ಓದೂ ಹುಡುಗರು ಮುತ್ತುತ್ತಿದ್ದರು. ಕಂಡಕ್ಟರ್ ಪ್ರಸಾದ ಹಂಚಿದಂತೆ ಗಂಟು ಹಂಚುತ್ತಿದ್ದ. ನಿನ್ನೆಯ ಖಾಲಿ ಡಬ್ಬಿ ಅದೇ ಬಸ್ಸಿಗೆ ವಾಪಸು. ತೊಳೆಯದೆ ಕಳಿಸಿದರೆ ಮರುದಿನ ಕಂಡಕ್ಟರನ ಬಾಯಲ್ಲಿ ಅವ್ವನ ಬೈಗುಳ ಬರುತ್ತಿತ್ತು, ಒಂದಕ್ಷರವೂ ಉದುರದಂತೆ. ಆಯಿಯ ವಿಚಾರಣೆಯೂ ಆ ಗಂಟಿನ ಜೊತೆಗೇ: "ನಿಮ್ಮಾಯಿ ಕೇಳಾಕತ್ತಿದ್ಲು, ಹದಿನೇಳನೇತ್ತಕ್ಕ ಹಾಕಿದ್ರೋ ಇಲ್ಲೋ ಅಂತ."

ಹಾಕಿದ್ದರು. ಆದರೆ ಹದಿನಾರನೇತ್ತದಲ್ಲಿ ನಾನು ಕಲಿತದ್ದು ಅಕ್ಷರ ತಿದ್ದುವುದು. ಹದಿನೈದು ವರ್ಷ ಕನ್ನಡ ಓದಿದವನ ಮುಂದೆ ಮೇಷ್ಟ್ರು ಒಂದು ಶಾಸನದ ಪಡಿಯಚ್ಚು ಹಾಸಿ ಓದಿರಿ ಎಂದರು. ಅದು ಕನ್ನಡವೇ, ನನ್ನ ಅಪ್ಪನ ಅಪ್ಪನ ಅಪ್ಪಂದಿರು ಮಾತಾಡಿದ ಭಾಷೆಯೇ. ನನಗೆ ಒಂದಕ್ಷರ ಹತ್ತಲಿಲ್ಲ. ಮ ಯಾವುದು ವ ಯಾವುದು ತಿಳಿಯದು. ನಾವು ಕೈಬಿಟ್ಟ ಱ ಮತ್ತು ೞ ಅಲ್ಲಿ ಹಾಯಾಗಿ ಕೂತಿವೆ. ಮೇಷ್ಟ್ರು ನಗಲಿಲ್ಲ. "ಅವಸರ ಮಾಡಬ್ಯಾಡ್ರಿ. ಕಲ್ಲಿಗೆ ಅವಸರಿಲ್ಲ" ಎಂದರು. ನನಗೆ ತಟ್ಟಿದ್ದು ಕಲ್ಲಿನ ಮಾತಲ್ಲ, 'ರಿ'. ಊರಲ್ಲಿ ನಾನು 'ಲೇ', ಕಾಲೇಜಿನಲ್ಲಿ 'ಏ ಹಿಂದಿನ ಬೆಂಚು'. ಬದುಕಿನಲ್ಲಿ ಮೊದಲ ಸಲ ಒಬ್ಬ ಹಿರಿಯ ಮನುಷ್ಯ ನನ್ನನ್ನು ಬಹುವಚನದಲ್ಲಿ ಕರೆದದ್ದು ಆ ಗುಡ್ಡದ ಮೇಲೆ. ಧಾರವಾಡದ ಮಂದಿ ಬೈಯುವಾಗಲೂ ರೀ ಹಚ್ಚುತ್ತಾರೆ ಎಂಬುದು ಆಮೇಲೆ ತಿಳಿಯಿತು. ತಿಳಿದ ಮೇಲೂ ಆ ದಿನದ ಬೆಚ್ಚಗಿನದು ಹೋಗಲಿಲ್ಲ.

ಪಡಿಯಚ್ಚು ತೆಗೆಯುವುದು ಅಡುಗೆಗೆ ಹತ್ತಿರದ ಕೆಲಸ. ಕಲ್ಲನ್ನು ನೀರು ಹಾಕಿ ಬ್ರಷ್ಷಿನಿಂದ ತಿಕ್ಕಬೇಕು, ನೆನೆಸಿದ ಕಾಗದ ಹೊದಿಸಬೇಕು, ಕಾಗದ ಅಕ್ಷರದ ತಗ್ಗಿಗೆ ಇಳಿಯುವ ಹಾಗೆ ಬ್ರಷ್ಷಿನಿಂದ ಬಡಿಯಬೇಕು. ಇನ್ನೇನು ಆರಿತು ಎನ್ನುವಾಗ ಮಸಿ ಅದ್ದಿದ ಅರಿವೆಯ ಉಂಡೆಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಕಪ್ಪಿನ ನಡುವೆ ಬೆಳ್ಳಗೆ ಅಕ್ಷರ ಏಳುತ್ತವೆ. ಬಡಿತ ಜೋರಾದರೆ ಕಾಗದ ಹರಿಯಿತು, ಮೆತ್ತಗಾದರೆ ಅಕ್ಷರ ಬರಲಿಲ್ಲ. ರೊಟ್ಟಿ ಬಡಿಯುವುದನ್ನು ದಿನಾ ನೋಡಿ ಬೆಳೆದ ನನಗೆ ಈ ಕೈ ಬೇಗ ಕೂಡಿತು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬಹಳ ಇರಲಿಲ್ಲ, ಅದು ಬೇರೆ ಮಾತು.

ಆವರಣದಲ್ಲೇ ಕನ್ನಡ ಸಂಶೋಧನ ಸಂಸ್ಥೆ ಇದೆ, 1939ರದ್ದು, ವಿಶ್ವವಿದ್ಯಾಲಯಕ್ಕಿಂತ ಹತ್ತು ವರ್ಷ ಹಿರಿಯದು. ಅದರ ಸಂಗ್ರಹಾಲಯದ ಕಲ್ಲುಗಳ ನಡುವೆ ನಿಂತರೆ ಹೊರಗಿನ ಮಳೆಯ ಸದ್ದೂ ತಗ್ಗಿದಂತೆ ಅನಿಸುತ್ತಿತ್ತು. ಆ ದಿನಗಳಲ್ಲಿ ನನಗೆ ಅತ್ಯಂತ ಹಿಡಿಸಿದ ಶಾಸನ ಮಾತ್ರ ಅಲ್ಲಿಯದಲ್ಲ, ಕಲಬುರಗಿ ಸೀಮೆಯ ನಾಗಾವಿಯದು, 1058ರದ್ದು. ಅಲ್ಲೊಂದು ಘಟಿಕಾಸ್ಥಾನವಿತ್ತು. ವೇದ ಓದುವವರು, ಶಾಸ್ತ್ರ ಓದುವವರು, ಅವರಿಗೆ ಕಲಿಸುವವರು, ಪುಸ್ತಕ ಕಾಯಲು ಆರು ಮಂದಿ ಸರಸ್ವತೀ ಭಂಡಾರಿಗರು. ಇವರೆಲ್ಲರ ಜೀವನಕ್ಕೆಂದು ಭೂಮಿ ಬಿಟ್ಟಿದ್ದಾರೆ. ಅದನ್ನು ಖೋಲಿಯಲ್ಲಿ ಗಟ್ಟಿಯಾಗಿ ಓದಿದೆ. ಭೌತಶಾಸ್ತ್ರದ ಗೆಳೆಯ ಹಾಸಿಗೆಯಿಂದ ಎದ್ದು ಕೂತು, "ಅಂದ್ರ ಒಂಬೈನೂರು ವರ್ಷದ ಹಿಂದೂ ಫೆಲೋಶಿಪ್ಪಿನ ಮ್ಯಾಲ ಬದುಕವ್ರು ಇದ್ರು" ಎಂದ. ಮತ್ತೆ ಕೇಳಿದ: "ಟೈಮಿಗೆ ಬರ್ತಿತ್ತೇನು?" ಅದನ್ನು ಶಾಸನದಲ್ಲಿ ಬರೆದಿಲ್ಲ. ನಾವು ಇವತ್ತಿಗೂ ಪದವಿ ಕೊಡುವ ಸಮಾರಂಭಕ್ಕೆ ಘಟಿಕೋತ್ಸವ ಎನ್ನುತ್ತೇವೆ. ಹೆಸರು ಉಳಿದಿದೆ, ಭೂಮಿ ಎಲ್ಲಿ ಹೋಯಿತೋ.

ಎಂ.ಎ. ಮುಗಿಯಿತು. ಪಿಎಚ್.ಡಿ.ಗೆ ಹೆಸರು ಹಚ್ಚಿದೆ. ಆಯಿಯ ಲೆಕ್ಕ ಕೆಟ್ಟದ್ದು ಇಲ್ಲಿಂದ. ಮೊದಲ ವರ್ಷ ಹದಿನೆಂಟನೇತ್ತ ಎಂದು ಒಪ್ಪಿಕೊಂಡಳು. ಮರುವರ್ಷ ಕೇಳಿದರೆ ಅದೇ ಪಿಎಚ್.ಡಿ. ಮೂರನೆಯ ವರ್ಷವೂ ಅದೇ. ಆಕೆ ನನ್ನನ್ನು ಏಕಾಂತಕ್ಕೆ ಕರೆದು ಕೈ ಹಿಡಿದು ಕೇಳಿದಳು: "ಖರೇ ಹೇಳು, ನಪಾಸಾಗೀಯೇನು? ನಿಮ್ಮಪ್ಪಗ ಹೇಳಂಗಿಲ್ಲ." ಇದಕ್ಕೆ ಪರೀಕ್ಷೆಯೇ ಇಲ್ಲ ಎಂದೆ. ಪರೀಕ್ಷೆಯಿಲ್ಲದ ಇಯತ್ತೆಯಲ್ಲಿ ಮೂರು ವರ್ಷ ಕೂತವನ ಬಗ್ಗೆ ಆಕೆಗೆ ಇನ್ನೂ ಮರುಕ ಹುಟ್ಟಿತು.

ಆಕೆಯ ತಪ್ಪೇನಿಲ್ಲ. ಆ ವರ್ಷಗಳಲ್ಲಿ ನಾನು ಏನು ಮಾಡಿದೆ ಎಂದು ಕೇಳಿದರೆ ನನಗೂ ನೆಟ್ಟಗೆ ಹೇಳಲು ಬಾರದು. ವಿಷಯ ನಮ್ಮ ಸೀಮೆಯ ವೀರಗಲ್ಲುಗಳು. ಬೆಳಗ್ಗೆ ಏರು ಹತ್ತುವುದು, ಗ್ರಂಥಾಲಯದಲ್ಲಿ ಬಾಂಬೆ–ಕರ್ನಾಟಕ ಶಾಸನಗಳ ದಪ್ಪ ಸಂಪುಟ ತೆರೆಯುವುದು, ನಮ್ಮೂರ ಆಸುಪಾಸಿನ ಹಳ್ಳಿಯ ಹೆಸರು ಕಂಡರೆ ನೆಂಟರು ಸಿಕ್ಕಷ್ಟು ಖುಷಿಪಟ್ಟು ಕಾರ್ಡಿನಲ್ಲಿ ಬರೆದುಕೊಳ್ಳುವುದು, ಕ್ಯಾಂಟೀನಿನಲ್ಲಿ ಒಂದು ಚಹಾವನ್ನು ಇಬ್ಬರು ಹಂಚಿಕೊಂಡು ನೆಟ್ ಪರೀಕ್ಷೆಯ ಮಾತಾಡುವುದು, ಸಂಜೆ ಇಳಿಯುವುದು. ಕೆಲವು ಸಂಜೆ ಕೆಲಗೇರಿ ಕೆರೆಯವರೆಗೆ, ಕೆಲವು ಸಂಜೆ ಸಾಧನಕೇರಿಯಲ್ಲಿ ಬೇಂದ್ರೆಯವರ ಮನೆಯ ಮುಂದಿನಿಂದ ಸುಮ್ಮನೆ ಹಾದು ಬರುವುದು. ನಾಲ್ಕನೆಯ ವರ್ಷ ಗೈಡ್ ಸರ್, "ಇನ್ನ ಬರೀರಿ" ಎಂದರು. ಬರೆದೆ. ಟೈಪಿಂಗಿಗೆ ಕೊಟ್ಟೆ. ತಿದ್ದಲು ಕರಡು ಬಂದಾಗ, ವೀರನ ಮಕ್ಕಳಿಗೆ ಹನ್ನೆರಡು ಮತ್ತರು ಭೂಮಿ ಕೊಟ್ಟರು ಎಂದು ನಾನು ಬರೆದದ್ದು ಹನ್ನೆರಡು ಮಿತ್ರರು ಭೂಮಿ ಕೊಟ್ಟರು ಎಂದಾಗಿತ್ತು. ಮತ್ತರು ಅಂದರೆ ಶಾಸನಗಳ ಕಾಲದ ಭೂಮಿಯ ಅಳತೆ. ಟೈಪ್ ಮಾಡಿದ ಹುಡುಗ ತನ್ನ ತಪ್ಪನ್ನು ಒಪ್ಪಲಿಲ್ಲ. "ಸರ್, ಹಿಂಗ ಅರ್ಥ ಆಗ್ತೈತಿ, ನಿಮ್ದು ಆಗೂದಿಲ್ಲ" ಎಂದ.

ಆ ದೀಪಾವಳಿಗೆ ಊರಿಗೆ ಹೋದಾಗ ಬ್ರಷ್ಷು, ಕಾಗದ, ಮಸಿ ಒಯ್ದಿದ್ದೆ. ಅಗಸಿಯ ಹತ್ತಿರ ನಮ್ಮೂರದೇ ಒಂದು ವೀರಗಲ್ಲಿದೆ. ಚಿಕ್ಕಂದಿನಿಂದ ಅದರ ಬೆನ್ನಿಗೆ ಒರಗಿ ಆಡಿದ್ದೇವೆ. ಆಯಿ ಅದಕ್ಕೆ ಅಮವಾಸ್ಯೆಗೊಮ್ಮೆ ಎಣ್ಣೆ ಹಚ್ಚಿ ಕುಂಕುಮ ಇಡುತ್ತಿದ್ದಳು. ಯಾವ ದೇವರು ಎಂದರೆ "ಐತಿ ಒಂದು ದೇವ್ರು" ಎನ್ನುತ್ತಿದ್ದಳು. ಎಷ್ಟೋ ವರ್ಷಗಳ ಎಣ್ಣೆಯ ಜಿಡ್ಡು ತಿಕ್ಕಿ ತೆಗೆಯಲು ಮಧ್ಯಾಹ್ನವಾಯಿತು. ಆಯಿ ಬಂದು ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಳು. ದೇವರ ಮೈ ಬಡಿಯುತ್ತಿದ್ದೇನೆಂದು ಮೊದಮೊದಲು ಅಸಮಾಧಾನ. ಅಕ್ಷರ ಬಿಳುಪಾಗಿ ಏಳತೊಡಗಿದ ಮೇಲೆ ಸುಮ್ಮನಾದಳು. ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು, ಅದರ ಮೇಲೆ ಸೂರ್ಯ ಚಂದ್ರ. ನಡುವಿನ ಪಟ್ಟಿಯಲ್ಲಿ ಎರಡೂವರೆ ಸಾಲು ಬರಹ.

"ಏನ್ ಬರದಾರ, ಓದು" ಎಂದಳು.

ಓದಿದೆ. ಊರಿನ ದನ ಹೊಡೆದುಕೊಂಡು ಹೋಗಲು ಬಂದವರ ಮೇಲೆ ಬಿದ್ದು, ಕಾದಾಡಿ, ಸತ್ತ ಎಂದು ಬರೆದಿದೆ ಎಂದೆ. ಅವನ ಹೆಸರಿನಲ್ಲಿ ಒಂದಕ್ಷರ ಸವೆದಿದೆ, ಉಳಿದದ್ದು ಇಷ್ಟು ಎಂದು ತೋರಿಸಿದೆ. ಆಯಿ ತುಸು ಹೊತ್ತು ಕಲ್ಲಿನ ಬುಡದಲ್ಲಿದ್ದ ಹಸುವಿನ ಚಿತ್ರವನ್ನೇ ನೋಡಿದಳು.

"ದನಾ ಹೊಳ್ಳಿ ಬಂದ್ವೇನು?"

ಮತ್ತೊಮ್ಮೆ ಮೊದಲಿಂದ ಓದಿದೆ. ಸವೆದ ಜಾಗದಲ್ಲಿ ಬೆರಳಾಡಿಸಿ ನೋಡಿದೆ. ಆಯಿ ಕಾಯುತ್ತ ಕೂತಿದ್ದಳು, ಸೆರಗಿನ ತುದಿಯಲ್ಲಿ ಕುಂಕುಮದ ಪುಡಿಕೆ ಹಿಡಿದುಕೊಂಡು.