ನಮ್ಮ ಆಯಿಯ ಮರೆವು

ಅರವತ್ತಕ್ಕೆ ಅರಳುಮರಳೆಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಾರು? ಮುದುಕರ ಮರೆವನ್ನೆಲ್ಲ ಈ ಒಂದು ಮಾತಿನಲ್ಲಿ ಮುಗಿಸಿಬಿಡುವುದು ನಮಗೆ ರೂಢಿ. ನಾನೂ ಹಾಗೆಯೇ ಮಾಡಿದೆನು. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನೋದುವಾಗ ಸ್ಮೃತಿಯ ಲಕ್ಷಣವನ್ನು ಕಂಠಪಾಠ ಮಾಡಿದವನು ನಾನು. ಆದರೆ ಹೆತ್ತ ತಾಯಿಯಲ್ಲಿ ಆ ಸ್ಮೃತಿಯು ಅಳಿಯತೊಡಗಿದಾಗ ಅದನ್ನು ರೋಗವೆಂದು ತಿಳಿಯಲು ನನಗೆ ಎರಡು ವರುಷ ಹಿಡಿಯಿತು.

ನಮ್ಮ ಮನೆಯಿರುವುದು ಸಿದ್ದಾಪುರ ತಾಲೂಕಿನ ಒಂದು ಅಡಕೆತೋಟದ ಮೇಲ್ಗಡೆ. ಆಯಿಗೆ ಈಗ 87. ಆಕೆಯ ತವರು ಯಲ್ಲಾಪುರ ತಾಲೂಕಿನ ಮಂಚೀಕೇರಿಯ ಕಡೆ. ಸಂಜೆ ದೀಪ ಹಚ್ಚುವ ಹೊತ್ತಾಯಿತೆಂದರೆ ಜಗಲಿಗೆ ಬಂದು, "ಕತ್ತಲಾತು ತಮಾ, ಆನು ಮನಿಗೆ ಹೋಗ್ತಿ" ಎಂದು ಹೊರಡುವಳು. ನಾನಾದರೋ ಮೂವತ್ತೈದು ವರುಷ ಮಕ್ಕಳ ತಪ್ಪು ತಿದ್ದಿದ ಮಾಸ್ತರ. ಇದೇ ನಿನ್ನ ಮನೆಯೆಂದೂ, ಇಲ್ಲಿಗೆ ಬಂದು ಅರವತ್ತೆಂಟು ವರುಷವಾಯಿತೆಂದೂ, ತವರಿನಲ್ಲಿ ಅಣ್ಣಂದಿರು ಯಾರೂ ಉಳಿದಿಲ್ಲವೆಂದೂ ಪ್ರಮಾಣಪೂರ್ವಕವಾಗಿ ಸಾಧಿಸುತ್ತಿದ್ದೆನು. ಆಕೆ ಪ್ರತಿದಿನವೂ ಅಣ್ಣಂದಿರ ಸಾವನ್ನು ಹೊಸದಾಗಿ ಕೇಳಿ ಅಳುವಳು. ವಾದದಲ್ಲಿ ಗೆದ್ದ ನಾನು ಸಂಧ್ಯಾವಂದನೆಗೆ ಕೂರುವೆನು. ಅತ್ತವಳನ್ನು ಸಂತೈಸಿ, ಉಣಿಸಿ, ರಾತ್ರಿ ಮೂರು ಸಾರಿ ಎದ್ದು ಬಾಗಿಲ ಬಳಿಯಿಂದ ಕರೆತರುವ ಕೆಲಸ ನನ್ನ ಗೃಹಿಣಿಯದು.

ಕೊನೆಗೆ ಶಿರಸಿಯ ವೈದ್ಯರೊಬ್ಬರು ನೋಡಿ, ಇದು ಡಿಮೆನ್ಶಿಯಾ ಎಂಬ ಮಿದುಳಿನ ವ್ಯಾಧಿಯೆಂದರು. ಇದರ ಬಗೆಗಳಲ್ಲಿ ಹೆಚ್ಚಾಗಿ ಕಾಣುವುದನ್ನು ಜರ್ಮನಿಯ ಆಲ್ಝೈಮರನೆಂಬ ವೈದ್ಯನು 1906ರಲ್ಲಿಯೇ ವಿವರಿಸಿದ್ದನು. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಜನರಿಗೆ ಈ ವ್ಯಾಧಿಯುಂಟು. ಅವರ ಹಿಂದೆ ನಿದ್ದೆಗೆಟ್ಟ ಹೆಂಡಿರು, ಸೊಸೆಯಂದಿರು, ಹೆಣ್ಣುಮಕ್ಕಳು ಇನ್ನೆಷ್ಟು ಲಕ್ಷವಿರಬೇಕು!

ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಆರೈಕೆಯವರಿಗಾಗಿಯೇ 'ಐಸಪೋರ್ಟ್' ಎಂಬ ಪಾಠಮಾಲೆಯನ್ನು ರಚಿಸಿ, 2019ರಲ್ಲಿ ಕೈಪಿಡಿಯಾಗಿಯೂ ಪ್ರಕಟಿಸಿದೆ. ಅದನ್ನು ನಮ್ಮ ದೇಶದ ಕುಟುಂಬಗಳಿಗೆ ಹೊಂದಿಸಿ ಪರೀಕ್ಷಿಸುವ ಕಾರ್ಯವು ಬೆಂಗಳೂರಿನ ನಿಮ್ಹಾನ್ಸಿನಲ್ಲಿ ನಡೆಯಿತು. ಬೆಂಗಳೂರಿನಲ್ಲಿರುವ ನಮ್ಮ ಮಗಳು ಇದನ್ನು ಓದಿದಳು. ಆದರೆ ನಮ್ಮ ಮನೆಯೊಳಗೆ ಸಿಗ್ನಲ್ಲು ಬಾರದು. ಬೆಟ್ಟದ ದಣಪೆಯ ಬಳಿ ನಿಂತರೆ ಮಾತ್ರ ಉಂಟು. ಆದಕಾರಣ ಅವಳು ಪಾಠದ ಸಾರವನ್ನು ಐದೈದು ನಿಮಿಷಗಳಲ್ಲಿ ಕನ್ನಡದಲ್ಲಿ ಹೇಳಿ ವಾಟ್ಸಾಪಿನಲ್ಲಿ ಕಳಿಸುವಳು. ನಾನು ದಣಪೆಯವರೆಗೆ ಹೋಗಿ ಮೊಬೈಲಿಗೆ ಇಳಿಸಿಕೊಂಡು ಬರುವೆನು. ರಾತ್ರಿ ಪಾತ್ರೆ ತೊಳೆಯುತ್ತ ಗೃಹಿಣಿಯು ಕೇಳುವಳು.

ವಾದಿಸಬೇಡಿರಿ, ಮನೆಗೆ ಹೋಗಬೇಕೆಂಬ ಮಾತಿನ ಹಿಂದಿರುವ ಅಂಜಿಕೆಯನ್ನು ಗಮನಿಸಿರಿ ಎಂದು ಒಂದು ದಿನ ಮಗಳು ಹೇಳಿದ್ದಳು. ಮರುಸಂಜೆ ಆಯಿ ಹೊರಟಾಗ, ತವರಿನ ಅಂಗಳದಲ್ಲಿ ಏನೇನಿತ್ತೆಂದು ಕೇಳಿದೆನು. ಆಕೆ ಮೆಟ್ಟಿಲ ಮೇಲೆ ಕುಳಿತು ಬಾವಿ, ಸಂಪಿಗೆಮರ, ಕೊಟ್ಟಿಗೆಯ ಎಮ್ಮೆ ಎಂದು ಒಂದೊಂದಾಗಿ ಹೇಳಿದಳು, ಹೊರಡುವುದನ್ನು ಮರೆತಳು. ಮತ್ತೊಂದು ದಿನ, ಹಿಂದೆ ಮೊಮ್ಮಗಳು ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಆಕೆಯದೇ ಹಸೆಹಾಡನ್ನು ಕೇಳಿಸಲು, ಇಷ್ಟು ಚೆನ್ನಾಗಿ ಹೇಳುವವರು ಯಾರೆಂದು ಬೆರಗಾದಳು!

ಇರಲಿ. ನನ್ನನ್ನು ನಾಚಿಸಿದ್ದು ಬೇರೊಂದು ಪಾಠ. ಆರೈಕೆ ಮಾಡುವವರು ತಮ್ಮನ್ನು ತಾವು ನೋಡಿಕೊಳ್ಳಬೇಕೆಂಬುದು ಅದರ ವಿಷಯ. ಕೊನೆಯಲ್ಲಿ ಮಗಳು, "ಅಮ್ಮಾ, ದಿನದಲ್ಲಿ ನಿನಗೆಂದು ಒಂದು ತಾಸಾದರೂ ಇದೆಯೇ?" ಎಂದು ಕೇಳಿದ್ದಳು. ಗೃಹಿಣಿಯು ತೊಳೆಯುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣೊರಸಿಕೊಂಡಳು. ಒಂದೇ ಸೂರಿನಡಿಯಲ್ಲಿದ್ದು ಈ ಪ್ರಶ್ನೆಯನ್ನು ನಾನೊಮ್ಮೆಯೂ ಕೇಳಿರಲಿಲ್ಲ.

ಮೊಬೈಲು ಆಯಿಯನ್ನು ಮೀಯಿಸಲಾರದು, ರಾತ್ರಿ ಎದ್ದು ಬಾಗಿಲು ಕಾಯಲಾರದು. ಅದಕ್ಕೆ ಮನೆಯವರ ಕೈಗಳೇ ಬೇಕು. ಆದರೆ ಯಾರ ಕೈ ಸೋತಿದೆ, ಯಾರ ಕೈ ಸುಮ್ಮನಿದೆ ಎಂಬುದನ್ನು ಅದು ನಮ್ಮ ಮನೆಗೆ ತೋರಿಸಿಕೊಟ್ಟಿತು. ಇಂಥ ಕಷ್ಟದಲ್ಲಿರುವ ವಾಚಕರು 14416 ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕೆಂದು ಪ್ರಾರ್ಥನೆ. 2022ರ ಅಕ್ಟೋಬರ 10ರಂದು ಸರ್ಕಾರವು ಆರಂಭಿಸಿದ ಟೆಲಿಮಾನಸವೆಂಬ ಈ ನೆರವಿಗೆ ಹಣ ಕೊಡಬೇಕಾಗಿಲ್ಲ. ಮನಸ್ಸು ಕುಗ್ಗಿದವರು ಹಗಲಿರುಳೆನ್ನದೆ ಕನ್ನಡದಲ್ಲಿಯೇ ಮಾತಾಡಬಹುದು. ಹಳೆಯ ಗುಂಡಿಯೊತ್ತುವ ಫೋನೂ ಸಾಕು.

ಈಗ ವಾರಕ್ಕೆರಡು ಮಧ್ಯಾಹ್ನ ಆಯಿಯ ಬಳಿ ನಾನಿರುತ್ತೇನೆ. ಗೃಹಿಣಿಯು ನಿದ್ರಿಸುತ್ತಾಳೆ, ಇಲ್ಲವೇ ಶಿರಸಿಗೆ ತಂಗಿಯ ಮನೆಗೆ ಹೋಗಿಬರುತ್ತಾಳೆ. ನಿನ್ನೆ ಆಯಿ ನನ್ನನ್ನು ಯಾರೆಂದು ಕೇಳಿದಳು. ನಾನು ತಿದ್ದಲಿಲ್ಲ, ಮಾಸ್ತರನೆಂದೆನು. ಹಾಗಾದರೆ ಕುಳಿತುಕೊಳ್ಳಿರೆಂದು ಮಣೆ ತೋರಿಸಿದಳು. ಕುಳಿತೆನು.